ಏಳಡಿ ಆರಿಂಚು

ಎರಡನೇ ಸಲ ಎಣಿಸಿದರೂ ಸಂಖ್ಯೆ ಕದಲಲಿಲ್ಲ. ಬೆರಿಲ್ ಸ್ಟಾಡರ್ಟ್ ಆರುನೂರ ಹನ್ನೊಂದು, ಟೋಬಿ ಕ್ರೇನ್ ಆರುನೂರ ಹನ್ನೊಂದು.

ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆ. ಸ್ಕೆಲ್ಬರಿಯ ಆಟದ ಹಾಲ್‌ನಲ್ಲಿ ಉಳಿದ ವಾರ್ಡುಗಳ ಎಣಿಕೆ ಮುಗಿದು, ಗೆದ್ದವರು ಫೋಟೋ ತೆಗೆಸಿಕೊಂಡು, ಸೋತವರು ಕೋಟು ಹಾಕಿಕೊಂಡು ಹೊರಟುಹೋಗಿದ್ದರು. ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಸಾಲಾಗಿಟ್ಟ ಮೇಜುಗಳಲ್ಲಿ ಒಂದರ ಸುತ್ತ ಮಾತ್ರ ಜನ. ಕಾಲುವೆ ವಾರ್ಡಿನದು ಇನ್ನೂ ಬಾಕಿ.

"ಮುಖ ಯಾಕೇ ಹಂಗೆ ಇಟ್ಕೊಂಡಿದ್ದೀ?" ಎಂದಳು ಮಾವಿಸ್. ನಲವತ್ತು ವರ್ಷ ಊರಿನ ಹೆಂಗಸರ ಕೂದಲು ಕತ್ತರಿಸಿದವಳು ಅವಳು, ಬೆರಿಲ್‌ಳ ಗೆಳತಿ, ಪ್ರತಿ ಚುನಾವಣೆಯಲ್ಲೂ ಅವಳ ಏಜೆಂಟು. "ಅನುಮಾನದ ಮತಚೀಟಿ ಇನ್ನೂ ನಾಲ್ಕಿವೆ. ನಾಲ್ಕೂ ನಿನ್ನವೇ ಯಾಕಾಗಬಾರದು?"

"ನಾಲ್ಕರಲ್ಲೂ ಬೈಗುಳ ಬರೆದಿರುತ್ತಾರೆ."

"ಬೈದ್ರೆ ಬೈಲಿ, ಗುರುತು ಸರಿಯಾದ ಮನೇಲಿ ಹಾಕಿದ್ರೆ ಸಾಕು."

ಬೆರಿಲ್‌ಗೆ ನಗು ಬರಲಿಲ್ಲ. ಹದಿನಾರು ವರ್ಷ ಅವಳು ಪುರಸಭೆಯಲ್ಲಿ ಈ ವಾರ್ಡಿನ ಸದಸ್ಯೆ. ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ, ಪಕ್ಕದ ಮನೆಯವನ ಬೇಲಿ ಒಂದು ಗೇಣು ಈಚೆ ಬಂದರೆ ಜನ ಅವಳಿಗೇ ಫೋನ್ ಮಾಡುತ್ತಿದ್ದರು. ಮನೆಯಲ್ಲಿ ಈಗ ಬೇರೆ ಸದ್ದಿಲ್ಲ. ಗಂಡ ಕ್ಲಿಫ್ ತೀರಿಕೊಂಡು ಎರಡು ವರ್ಷದ ಮೇಲಾಯಿತು. ಮಗ ನೀಲ್ ಅಂದಿನಿಂದ ಮಾತು ಬಿಟ್ಟಿದ್ದಾನೆ. ಈ ಕುರ್ಚಿ ಹೋದರೆ ಆ ಫೋನೂ ಸುಮ್ಮನಾಗುತ್ತದೆ. ಅವಳ ಹೆದರಿಕೆ ಇಷ್ಟೇ. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ.

ಚುನಾವಣಾಧಿಕಾರಿ ಲಿಡಿಯಾರ್ಡ್ ಜಿಲ್ಲಾ ಕಚೇರಿಯಿಂದ ಬಂದ ಮನುಷ್ಯ, ಮೆಲುದನಿಯವನು. ಮೊದಲ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದ. ಪಟ್ಟಿಯ ಮೇಲಿಂದ ಕೆಳಗಿನವರೆಗೆ ಒಂದು ಹಂದಿಯ ಚಿತ್ರ.

"ಪರವಾಗಿಲ್ಲ, ಕಿವಿ ಚೆನ್ನಾಗಿ ಬಂದಿದೆ," ಎಂದಳು ಮಾವಿಸ್.

"ಅಸಿಂಧು," ಎಂದ ಲಿಡಿಯಾರ್ಡ್.

ಎರಡನೆಯದರಲ್ಲಿ ಟೋಬಿಯ ಹೆಸರಿನ ಮುಂದೆ ಕತ್ತರಿ ಗುರುತಿನ ಬದಲು ಸರಿ ಗುರುತು ಇತ್ತು. ಉದ್ದೇಶ ಸ್ಪಷ್ಟ, ಸಿಂಧು. ಮೂರನೆಯದರಲ್ಲಿ ಬೆರಿಲ್‌ಳ ಹೆಸರಿನ ಮುಂದೆ ನಗುವ ಮುಖ. ಅದೂ ಸಿಂಧು. ಮತ್ತೆ ಸಮಸಮ, ಆರುನೂರ ಹನ್ನೆರಡು.

ನಾಲ್ಕನೆಯದು ಬಂತು. ಟೋಬಿಯ ಹೆಸರಿನ ಮುಂದೆ ಅಚ್ಚುಕಟ್ಟಾದ ಕತ್ತರಿ ಗುರುತು. ಅದರ ಕೆಳಗೆ, ಅಂಚಿನಲ್ಲಿ, ಪೆನ್ಸಿಲ್‌ನಲ್ಲಿ ಬರೆದದ್ದು: 7 ಅಡಿ 6.

"ಯಾರೋ ಪರದೆಯ ಅಳತೆ ಬರ್ಕೊಂಡು ಇಲ್ಲೇ ಮರೆತು ಹೋಗಿದ್ದಾನೆ," ಎಂದಳು ಮಾವಿಸ್. ಟೋಬಿ ನಕ್ಕ. ಇಪ್ಪತ್ತೊಂಬತ್ತರ ಶಾಲಾ ಮೇಷ್ಟ್ರು, ಊರಿಗೆ ಬಂದು ಎರಡೇ ವರ್ಷ.

ಬೆರಿಲ್ ನೋಡುತ್ತಲೇ ಇದ್ದಳು. ಏಳರ ನಡುವಿಗೆ ಸಣ್ಣ ಪಟ್ಟಿ. ಆರರ ಹೊಟ್ಟೆ ದಪ್ಪ, ಬಾಲ ಹಿಂದಕ್ಕೆ ಬಾಗಿದ್ದು, ಕುಳಿತ ಬಾತುಕೋಳಿಯ ಹಾಗೆ. ಬಯಲು ಈಜುಕೊಳದ ಆಳದ ಕಡೆಯ ಅಂಚಿನಲ್ಲಿ ಇದೇ ಅಂಕಿಗಳಿದ್ದವು. ಕ್ಲಿಫ್ ಇಪ್ಪತ್ತೇಳು ವರ್ಷ ಆ ಕೊಳದ ಕಾವಲುಗಾರ. ಪ್ರತಿ ಏಪ್ರಿಲ್‌ನಲ್ಲಿ ನೀರು ಬಿಡುವ ಮುಂಚೆ ಮಂಡಿಯೂರಿ ಕುಳಿತು ಕಪ್ಪು ಬಣ್ಣದಲ್ಲಿ ಆಳದ ಅಂಕಿಗಳನ್ನು ಹೊಸದಾಗಿ ಬರೆಯುತ್ತಿದ್ದ. ನೀಲ್ ಕುಂಚ ಹಿಡಿಯಲು ಕಲಿತದ್ದು ಅಲ್ಲಿಯೇ. ಈಗ ಅಂಗಡಿಗಳಿಗೆ ಬೋರ್ಡು ಬರೆಯುವುದೇ ಅವನ ಕಸುಬು. ಊರಿನಲ್ಲಿ ಹೀಗೆ ಆರು ಬರೆಯುವ ಕೈ ಉಳಿದದ್ದು ಒಂದೇ.

ಮೂರು ವರ್ಷದ ಹಿಂದಿನ ಬಜೆಟ್ ಸಭೆಯಲ್ಲಿ ಆ ಕೊಳವನ್ನು ಮುಚ್ಚಿ ಮಣ್ಣು ತುಂಬುವ ಠರಾವಿಗೆ ಕೈ ಎತ್ತಿದವರಲ್ಲಿ ಬೆರಿಲ್‌ಳೂ ಒಬ್ಬಳು. ಕೊಳ ಇಟ್ಟುಕೊಂಡಿದ್ದರೆ ವೃದ್ಧರ ಊಟದ ವ್ಯಾನು ನಿಲ್ಲುತ್ತಿತ್ತು. ಮಾರನೆಯ ವರ್ಷದ ಫೆಬ್ರವರಿಯಲ್ಲಿ ಕ್ಲಿಫ್‌ನ ಹೃದಯ ನಿಂತಿತು.

ಅನುಮಾನದ ಚೀಟಿಗಳನ್ನು ಅಭ್ಯರ್ಥಿಗಳ ಮುಂದೆ ಹಿಡಿಯುತ್ತಾರೆಂದು ನೀಲ್‌ಗೆ ಗೊತ್ತು. ಹಿಂದಿನ ಎರಡು ಎಣಿಕೆಗಳಿಗೆ ಅವಳ ಜೊತೆ ಬಂದು ಇಲ್ಲೇ, ಈ ಗೋಡೆಗೆ ಒರಗಿ ನಿಂತಿದ್ದವನು ಅವನೇ. ಹಾಗಾದರೆ ಇದು ಅವಳ ಕಣ್ಣಿಗೆ ಬೀಳಲೆಂದೇ ಬರೆದದ್ದು. ಅಪ್ಪನ ಮಣ್ಣಾದಂದಿನಿಂದ ಅವನು ಅವಳಿಗೆ ಬರೆದ ಮೊದಲ ಸಾಲು.

"ಇದು ಗುರುತು! ಇಂಥದ್ದಿದ್ರೆ ಚೀಟಿ ಸಿಂಧು ಆಗಲ್ಲ, ನಿಯಮ ನಂಗೂ ಗೊತ್ತು. ತೆಗೀರಿ ಅದನ್ನ!" ಮಾವಿಸ್ ಬೆರಳು ನೀಡಿದಳು.

"ಬರಹದಿಂದ ಮತದಾರ ಯಾರೆಂದು ಗೊತ್ತಾಗುವ ಹಾಗಿದ್ದರೆ ಮಾತ್ರ, ಮೇಡಂ," ಎಂದ ಲಿಡಿಯಾರ್ಡ್. "ಇದು ಯಾರ ಕೈ ಅಂತ ಇಲ್ಲಿ ಯಾರಾದರೂ ಹೇಳೋದಾದ್ರೆ ಈಗಲೇ ತಿರಸ್ಕರಿಸುತ್ತೇನೆ. ಆಗ ಸಮಸಮ, ಗೆದ್ದವರು ಯಾರು ಅಂತ ಲಾಟರಿ ಎತ್ತಬೇಕಾಗುತ್ತೆ. ಇಲ್ಲದಿದ್ದರೆ ಇದು ಬರೀ ಗೀಚು, ಮತ ಕ್ರೇನ್ ಅವರದು." ಅವನ ಕಣ್ಣು ಬೆರಿಲ್‌ಳ ಮೇಲೆ ನಿಂತಿತು. "ಮಿಸೆಸ್ ಸ್ಟಾಡರ್ಟ್? ನಿಮಗೇನಾದ್ರೂ ಗೊತ್ತಾ?"

ಅವನ ಕೈ ಪಕ್ಕದ ಮೊಹರಿನ ಮೇಲಿತ್ತು. ಹೆಸರು ಹೇಳಿದರೆ ಆ ಅಂಕಿಗಳ ಮೇಲೆ "ತಿರಸ್ಕೃತ" ಎಂದು ಬೀಳುತ್ತದೆ. ಹೇಳದಿದ್ದರೆ ಕುರ್ಚಿ ಹೋಗುತ್ತದೆ. ಒಂದು ಕ್ಷಣ ಅವಳಿಗೆ ಹೇಳಬೇಕೆನ್ನಿಸಿತು. ಗೆಲ್ಲಲಿಕ್ಕೂ ಅಲ್ಲ, ಈ ಹಾಲ್‌ನಲ್ಲಿ ಗಟ್ಟಿಯಾಗಿ "ನನ್ನ ಮಗ" ಎಂದು ಒಮ್ಮೆ ಅನ್ನಲಿಕ್ಕೆ.

"ಇಲ್ಲ," ಎಂದಳು. "ನನಗೆ ಗೊತ್ತಿಲ್ಲ."

ಟೋಬಿ ಕೈ ಕುಲುಕಿ ಏನೋ ಒಳ್ಳೆಯ ಮಾತಾಡಿದ. ಯಾರೋ ಚಪ್ಪಾಳೆ ತಟ್ಟಿದರು. ಹಾಲ್‌ನ ಬಾಗಿಲ ಹತ್ತಿರ ಮಾವಿಸ್ ಅವಳ ತೋಳು ಹಿಡಿದು ನಿಲ್ಲಿಸಿದಳು.

"ನಿಂಗೆ ಗೊತ್ತಿತ್ತು ಕಣೆ. ನಿನ್ನ ಮುಖ ನೋಡ್ದೆ ನಾನು."

"ನನ್ನ ಮುಖ ಯಾವಾಗ್ಲೂ ಹಂಗೇ. ನೀನೇ ಹೇಳ್ತೀಯಲ್ಲ."

"ಮೂರು ವಾರ ಮಳೇಲಿ ಮನೆಮನೆ ತಿರುಗಿದೀನಿ. ಮಂಡಿ ಹೋಯ್ತು ನಂದು. ಯಾರದು ಅಂತ ನಂಗಾದ್ರೂ ಹೇಳು."

ಬೆರಿಲ್ ಅವಳ ಕೆನ್ನೆಗೆ ಮುತ್ತಿಟ್ಟು ಹೊರಟಳು. ಆಗ ಹನ್ನೆರಡೂ ಕಾಲು. ಒಂದು ಗಂಟೆಗೆ ಊರಿನ ರೇಡಿಯೊ ವಾರ್ಡು ವಾರ್ಡಿನ ಅಂಕಿ ಓದುತ್ತದೆ. ಒಂದೇ ಒಂದು ಮತ. ನೀಲ್ ಕೆಲಸ ಮಾಡುವಾಗ ರೇಡಿಯೊ ಆರಿಸುವವನಲ್ಲ. ಆ ಒಂದು ತನ್ನದೇ ಎಂದು ಅವನಿಗೆ ಹೊಳೆಯದೆ ಇರದು.

ಮಾರುಕಟ್ಟೆ ಬೀದಿಯ ಏರು ಹತ್ತುತ್ತ ಅವಳು ಲೆಕ್ಕ ಹಾಕಿದ್ದು ಅವನ ಸಿಟ್ಟನ್ನಲ್ಲ, ಆ ಸಿಟ್ಟಿನ ಕೆಳಗೆ ಅವನು ಹೂತಿಟ್ಟದ್ದನ್ನು. ಸಾಯುವ ಸಂಜೆ ಕ್ಲಿಫ್ ಎರಡು ಸಲ ನೀಲ್‌ಗೆ ಫೋನ್ ಮಾಡಿದ್ದ. ನೀಲ್ ಪಬ್ಬಿನಲ್ಲಿದ್ದ, ನೋಡಿ, ಆಮೇಲೆ ಮಾಡಿದರಾಯಿತೆಂದು ಜೇಬಿಗೆ ಹಾಕಿಕೊಂಡಿದ್ದ. ಮಣ್ಣು ಮಾಡುವವರೆಗೆ ಹತ್ತು ದಿನ ಅವನು ಅದೊಂದನ್ನೇ ಹೇಳಿದ. ಉಣ್ಣಲಿಲ್ಲ. ಏಣಿ ಹತ್ತಿದರೆ ಗೆರೆ ಸೊಟ್ಟಗೆ ಬರುತ್ತಿತ್ತು. ಕುಂಚಗಳೆಲ್ಲ ವ್ಯಾನಿನಲ್ಲಿ ಒಣಗಿ ಕಡ್ಡಿಯಾದವು. ಸಮಾಧಿಯ ಹತ್ತಿರ ಅವನು ಇದ್ದಕ್ಕಿದ್ದಂತೆ ಅವಳ ಕಡೆ ತಿರುಗಿ, "ಅಪ್ಪನ್ನ ಕೊಂದಿದ್ದು ನಿನ್ನ ಕೈ, ನೀನು ಎತ್ತಿದ ಕೈ," ಎಂದ. ಮುಂದಿನ ವಾರವೇ ಅವನು ಮತ್ತೆ ಏಣಿಯ ಮೇಲಿದ್ದ. ಬೆರಿಲ್ ದೂರದಿಂದ ನೋಡಿದ್ದಳು. ಅವತ್ತಿನಿಂದ ಅವಳು ತನ್ನ ಪರವಾಗಿ ಒಂದು ಮಾತೂ ಆಡಿರಲಿಲ್ಲ.

ಮಾಂಸದಂಗಡಿಯ ಮುಂದೆ ಏಣಿ ಇತ್ತು. ಅದರ ಮೇಲೆ ಅವನ ಬೆನ್ನು.

"ನೀಲ್."

ಕುಂಚ ನಿಲ್ಲಲಿಲ್ಲ. "ಓಟು ಕೇಳೋಕೆ ಬಂದಿದ್ರೆ ಒಂದು ದಿನ ತಡ ಆಯ್ತು."

"ನಿನ್ನ ಚೀಟಿ ನೋಡ್ದೆ."

"ನೋಡ್ಲಿ ಅಂತಾನೇ ಬರೆದಿದ್ದು."

"ನನ್ನ ಮಗನ ಕೈ ಅಂತ ಹೇಳಿದೆ ಅವ್ರಿಗೆ," ಎಂದಳು ಬೆರಿಲ್. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಸಲೀಸಾಗಿ ಬಂತು. "ಮೊಹರು ಹೊಡೆದು ಪಕ್ಕಕ್ಕೆ ಹಾಕಿದ್ರು. ಲೆಕ್ಕಕ್ಕೆ ಬರ್ಲಿಲ್ಲ."

ಅವನು ಎರಡು ಮೆಟ್ಟಿಲು ಇಳಿದು ತಿರುಗಿದ. ಕಿವಿಯ ಮೇಲೆ ಒಂದು ತೊಟ್ಟು ಕೆಂಪು ಬಣ್ಣ. ಕಣತಲೆಯ ಹತ್ತಿರ ನರೆ. ಅದು ಯಾವಾಗ ಬಂತೋ ಅವಳಿಗೆ ತಿಳಿದಿರಲಿಲ್ಲ.

"ಅಷ್ಟನ್ನೂ ಬಿಡ್ಲಿಲ್ಲ ಅಲ್ವಾಮ್ಮ ನೀನು. ಒಂದು ಚೀಟಿ. ಅದನ್ನೂ ಬಿಡ್ಲಿಲ್ಲ."

"ಇಲ್ಲ."

"ಕುರ್ಚಿಗೋಸ್ಕರ."

"ಹೂಂ."

"ಉಳೀತಾ?"

"ಇಲ್ಲ. ಸೋತೆ. ಒಂದು ಮತದಿಂದ."

ನೀಲ್ ನಕ್ಕ. ಥೇಟ್ ಕ್ಲಿಫ್‌ನ ನಗು, ಮೂಗಿನಿಂದ ಶುರುವಾಗುವಂಥದ್ದು. ಕೇಳಿ ಎಷ್ಟು ದಿನವಾಗಿತ್ತೆಂದರೆ ಅವಳು ಏಣಿಯ ಕಾಲನ್ನು ಹಿಡಿದುಕೊಳ್ಳಬೇಕಾಯಿತು.

"ಒಂದು ಮತ! ಯಾರೋ ಪುಣ್ಯಾತ್ಮ. ಯಾರು ಅಂತ ಗೊತ್ತಾದ್ರೆ ಅವನಿಗೆ ನಾನೇ ಒಂದು ಪೈಂಟ್ ಬಿಯರ್ ಕುಡಿಸ್ತೀನಿ."

"ಕುಡಿಸು," ಎಂದಳು ಬೆರಿಲ್. "ಮೊದ್ಲು ಏನಾದ್ರೂ ತಿನ್ನಿಸು. ಬರೀ ಹೊಟ್ಟೇಲಿ ಬೇಡ."

ಅವನು ಮೇಲಕ್ಕೆ ಹತ್ತಿದ. ಕುಂಚ ಅದ್ದಿ, ಡಬ್ಬಿಯ ಅಂಚಿಗೆ ಸವರಿ, ಬೋರ್ಡಿನ ಮೇಲೆ ಉದ್ದದ ಒಂದು ಗೆರೆ ಎಳೆದ. ಗೆರೆ ನೇರವಾಗಿ ಬಂತು. ಅವಳು ಅದು ಮುಗಿಯುವ ತನಕ ನಿಂತಿದ್ದು, ಏಣಿಯಿಂದ ಕೈ ತೆಗೆದು, ಬೀದಿ ದಾಟಿದಳು.