ಪ್ರಯಾಗಬಾಯಿಯ ಸಾಬೂದಾಣಿ ಉಪವಾಸ

ಮೊಣಕಾಲು ನೋವಿಲ್ಲದ ಮನೆ ನಿಮ್ಮ ಊರಿನಲ್ಲಿ ಇದೆಯೇ? ನಮ್ಮ ಊರಿನಲ್ಲಂತೂ ಇಲ್ಲ. ಔರಾದ ಶಹಾಜನಿಯ ಸಂತೆಗೆ ಹೋದರೆ ಅರ್ಧ ಹೆಂಗಸರು ಕಾಯಿಪಲ್ಯ ಕೊಳ್ಳುತ್ತಾರೆ, ಉಳಿದರ್ಧ ಕೂರಲು ಕಟ್ಟೆ ಹುಡುಕುತ್ತಾರೆ. ಆ ಉಳಿದರ್ಧದಲ್ಲಿ ನನ್ನ ಗೆಳತಿ ಪ್ರಯಾಗಬಾಯಿಯೂ ಒಬ್ಬಳಾಗಿದ್ದಳು. ನಮ್ಮದು ಒಂದೇ ಓಣಿ, ಒಂದೇ ಬಚತ್ ಗಟ, ಅಂದರೆ ಹೆಂಗಸರ ಉಳಿತಾಯ ಸಂಘ. ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ.

ಆಕೆಯ ಮನೆತನಕ್ಕೆ ಊರಿನಲ್ಲಿ ಒಂದು ಮಾನವಿದೆ. ಪ್ರತಿ ಕಾರ್ತಿಕದಲ್ಲಿ ನಮ್ಮೂರಿನ ಭಕ್ತರು ದಿಂಡಿ ಕಟ್ಟಿಕೊಂಡು, ಭಜನೆ ಮಾಡುತ್ತ ಕಪಿಲಧಾರಾ ಕ್ಷೇತ್ರಕ್ಕೆ ಹಲವು ದಿನ ನಡೆದು ಹೋಗುತ್ತಾರೆ. ದಿಂಡಿಯ ಮುಂದೆ ಪತಾಕೆ ಹಿಡಿಯುವವರು ಈ ಮನೆಯವರೇ. ಅತ್ತೆ ಕಲ್ಯಾಣಮ್ಮ ಕಾಲಲ್ಲಿ ಶಕ್ತಿ ಇರುವವರೆಗೆ ನಡೆದು, ಆಮೇಲೆ ಪತಾಕೆಯನ್ನು ಸೊಸೆಯ ಕೈಗೆ ಕೊಟ್ಟಿದ್ದರು. ಒಂದು ವರ್ಷ ಎರಡನೇ ದಿನಕ್ಕೇ ಪ್ರಯಾಗಬಾಯಿಯ ಮೊಣಕಾಲು ಬಾತುಬಿಟ್ಟವು. ಪತಾಕೆಯನ್ನು ಬೇರೆಯವರ ಕೈಗಿತ್ತು, ಅಡುಗೆ ಸಾಮಾನಿನ ಟೆಂಪೋ ಹತ್ತಿ, ಹಂಡೆ ಪರಾತಗಳ ನಡುವೆ ಕುಳಿತು ಕಪಿಲಧಾರಾ ಮುಟ್ಟಿದಳು. ದಾರಿಯುದ್ದಕ್ಕೂ ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು.

ಊರಿಗೆ ಬಂದ ಮೇಲೆ ದಿಂಡಿಯ ಹಿರಿಯರಾದ ಕಾಶೆಪ್ಪ ಮನೆಗೆ ಬಂದು ಮೆತ್ತಗೆ ಹೇಳಿದರು: “ಸಿಟ್ಟ ಆಗಬ್ಯಾಡ ತಂಗಿ. ಮುಂದಿನ ವರ್ಷ ನಡಿಯಾಕ ಆಗಲಿಲ್ಲಂದ್ರ ಪತಾಕಿ ಬ್ಯಾರೆ ಮನಿಗಿ ಕೊಡಬೇಕಾಗ್ತದ.”

ಅಂದೇ ಪ್ರಯಾಗಬಾಯಿ ತೂಕ ಇಳಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟಳು. ಅದಕ್ಕೆ ಆಕೆಗೆ ಗೊತ್ತಿದ್ದ ದಾರಿ ಒಂದೇ, ಉಪವಾಸ. ಸೋಮವಾರ ಮೊದಲೇ ಇತ್ತು. ಗುರುವಾರ ಸೇರಿತು, ಶನಿವಾರ ಸೇರಿತು. ಏಕಾದಶಿ, ಚತುರ್ಥಿ ಯಾವುದನ್ನೂ ಬಿಡಲಿಲ್ಲ. ಕೊನೆಗೆ ಕ್ಯಾಲೆಂಡರಿನಲ್ಲಿ ಊಟದ ದಿನವನ್ನು ಹುಡುಕಬೇಕಾಯಿತು!

ಹೀಗೆ ಕೆಲವು ವಾರ ಕಳೆದ ಮೇಲೆ, ಸೋಯಾಬೀನ್ ಚೀಲ ತೂಗುವ ಕಾಟಾದ ಹತ್ತಿರ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಹತ್ತಿ ನಿಂತಳು. ತೂಕ ಇಳಿಯುವುದಿರಲಿ, ಏರಿತ್ತು. ಮನೆಗೆ ಬಂದವಳೇ, “ಆ ಕಾಟಾ ಕೆಟ್ಟದ,” ಎಂದಳು.

“ಹಂಗಿದ್ರ ನನ್ನ ಸೋಯಾಬೀನೂ ಹೆಚ್ಚಿಗಿ ತೂಗಬೇಕಿತ್ತಲ್ಲ!” ಎಂದು ಗಂಡ ರೇವಣಪ್ಪ ಮಂಚದ ಮೇಲೆ ಹೊಟ್ಟೆ ಕುಣಿಸಿ ನಕ್ಕ.

ನಮ್ಮ ಊರಿನ ಆರೋಗ್ಯ ಉಪಕೇಂದ್ರದ ನರ್ಸ್ ಯೋಗಿತಾ ಉಮರ್ಗಾ ಕಡೆಯ ಹುಡುಗಿ. ಮಾತು ಮೃದು, ಆದರೆ ಬಿಡುವ ಪೈಕಿ ಅಲ್ಲ. ಒಂದು ಸೋಮವಾರ ಕಲ್ಯಾಣಮ್ಮನ ಬಿಪಿ ನೋಡಲು ಬಂದಳು. ನಾನೂ ಅಲ್ಲೇ ಇದ್ದೆ.

“ಬಾ ಯವ್ವಾ, ಉಪವಾಸದ್ದು ಒಂದೀಟು ತಿಂದು ಹೋಗು,” ಎಂದು ಪ್ರಯಾಗಬಾಯಿ ತಾಟು ತಂದಿಟ್ಟಳು. ಎಣ್ಣೆಯಲ್ಲಿ ಮಿನುಗುವ ಸಾಬೂದಾಣಿ ಖಿಚಡಿ, ಅಂದರೆ ಸಬ್ಬಕ್ಕಿಯ ಉಪ್ಪಿಟ್ಟು, ಅದರ ತುಂಬ ಶೇಂಗಾ ಪುಡಿ. ಪಕ್ಕದಲ್ಲಿ ತುಪ್ಪದಲ್ಲಿ ಹುರಿದ ಬಟಾಟೆ, ಚಿಪ್ಸ್, ಶೇಂಗಾ ಉಂಡೆ. ಮೇಲೆ ಒಂದು ದೊಡ್ಡ ಕಪ್ ಸಿಹಿ ಚಹಾ.

ಯೋಗಿತಾ ತಾಟನ್ನೇ ನೋಡಿದಳು. “ಕಾಕು, ಇದು ಉಪವಾಸ ಏನ್ರಿ, ಬೀಗರ ಊಟ ಏನ್ರಿ?”

“ಏನ್ ಮಾತಾಡ್ತಿ! ಇದರಾಗ ರೊಟ್ಟಿ ಇಲ್ಲ, ಅನ್ನ ಇಲ್ಲ.”

“ರೊಟ್ಟಿ ಇಲ್ಲ, ಖರೆ. ಆದ್ರ ಸಾಬೂದಾಣಿ ಅಂದ್ರ ಬರೇ ಪಿಷ್ಟ ರೀ. ಅದಕ್ಕ ಇಷ್ಟು ಎಣ್ಣಿ, ಇಷ್ಟು ಶೇಂಗಾ. ಬಟಾಟಿ ಬ್ಯಾರೆ, ಸಕ್ರಿ ಬ್ಯಾರೆ. ಇದಕಿಂತ ಎರಡು ಜೋಳದ ರೊಟ್ಟಿ, ಪಲ್ಯ, ಬ್ಯಾಳಿ ತಿಂದ್ರ ಮೈಗಿ ಹಗೂರ. ಹೊಟ್ಟಿ ಬಿ ತುಂಬತದ.”

“ದೇವರ ಹೆಸರಿಲೆ ತಿಂದದ್ದು ಮೈಗಿ ಹತ್ತತದೇನು?”

“ದೇವರು ಭಕ್ತಿ ನೋಡ್ತಾನ್ರಿ ಕಾಕು. ಎಣ್ಣಿ ನೋಡೂದು ಮೈ.”

ಗೋಡೆಗೆ ಒರಗಿದ್ದ ಕಲ್ಯಾಣಮ್ಮ ಆಗ ಬಾಯಿ ಬಿಟ್ಟರು. “ನಮ್ಮ ಕಾಲಕ್ಕ ಸಾಬೂದಾಣಿ ಯಾರು ಕಂಡಿದ್ರು? ಸೋಮವಾರ ಅಂದ್ರ ಒಪ್ಪತ್ತು. ಹೊಲದಾಗ ಕೆಲಸ ಮಾಡಿ ಬಂದು, ಸಂಜಿಗಿ ದೀಪ ಹಚ್ಚಿ, ರೊಟ್ಟಿ ಪುಂಡಿಪಲ್ಯ ತಿಂತಿದ್ದೆವು. ಮುಗೀತು.”

“ಇಷ್ಟು ದಿನ ಯಾಕ ಹೇಳಲಿಲ್ಲ ಅತ್ತಿ?”

“ಖಿಚಡಿ ನಂಗ ಬಿ ಸೇರ್ತದಲ್ಲ!”

ನಾವೆಲ್ಲ ನಕ್ಕೆವು, ಪ್ರಯಾಗಬಾಯಿ ನಗಲಿಲ್ಲ. ಯೋಗಿತಾ ಆಕೆಯ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತಿತ್ತು.

“ಹೆದರಬ್ಯಾಡ್ರಿ. ಒಂದ್ ಸಲ ನಿಲಂಗಾದ ಡಾಕ್ಟರಿಗಿ ಮೊಣಕಾಲು, ಸಕ್ರಿ ಎರಡೂ ತೋರಿಸ್ರಿ. ಉಪವಾಸ ಸೋಮವಾರ ಒಂದೇ ಸಾಕು. ಮಜ್ಜಿಗಿ ಕುಡೀರಿ, ಒಂದು ಪೇರಲಹಣ್ಣು ತಿನ್ರಿ, ಸಂಜಿಗಿ ರೊಟ್ಟಿ. ಉಳಿದ ದಿನ ಹೊಟ್ಟಿ ಕಟ್ಟಬ್ಯಾಡ್ರಿ. ತಾಟಿನ ಅರ್ಧ ಕಾಯಿಪಲ್ಯಾ ಇರ್ಲಿ. ಎಣ್ಣಿ, ಸಕ್ರಿ ಕಮ್ಮಿ. ಮತ್ತ ದಿನಾ ನಡೀಬೇಕು.”

“ಮುಂಜಾನಿಂದ ಸಂಜಿತನಕ ಮನಿಗೆಲಸ ಮಾಡ್ತೀನಲ್ಲ, ಅದು ನಡಿಯೂದು ಅಲ್ಲೇನು?”

“ನೀರು ನಳಕ್ಕ ಬರ್ತದ, ಖಾರಾ ಮಿಕ್ಸರ್ ರುಬ್ಬತದ, ಹೊಲಕ್ಕ ಕಾಕಾನ ಗಾಡಿ ಮ್ಯಾಲೆ ಹೋಗ್ತೀರಿ. ಮೈ ಎಲ್ಲಿ ದಣೀತದ ಹೇಳ್ರಿ?”

ಪ್ರಯಾಗಬಾಯಿ ತಾಟನ್ನು ಎತ್ತಿ ಒಳಗೆ ಒಯ್ದಳು. ರೇವಣಪ್ಪ ಮಂಚದ ಮೇಲಿಂದಲೇ ಬಾಯಿ ಹಾಕಿದ. “ಈಕಿ ಹುರುಪು ಅಮಾಸಿ ತನಕ, ನೋಡ್ರಿ,” ಎಂದ.

ನಿಲಂಗಾದ ಡಾಕ್ಟರು ಮೊಣಕಾಲು ನೋಡಿ, ನಡೆಯಲು ಅಡ್ಡಿಯಿಲ್ಲ, ನಿಧಾನವಾಗಿ ಶುರು ಮಾಡಿ ಎಂದರು. ಮರುದಿನ ಪ್ರಯಾಗಬಾಯಿ ಸೀರೆಯ ಕೆಳಗೆ ಮಗ ಋಷಿಕೇಶನ ಹಳೆಯ ಬೂಟು ಹಾಕಿಕೊಂಡು ಊರಬಾಗಿಲ ಅಗಸಿ ದಾಟಿದಳು. ಕಟ್ಟೆಯ ಮೇಲಿನ ಗಂಡಸರಿಗೆ ಆ ದಿನ ಬೇರೆ ಮಾತೇ ಇರಲಿಲ್ಲ. ಆಕೆ ತಲೆ ಎತ್ತಿ ನಡೆದಳು. ನನ್ನ ಗೆಳತಿಯ ಈ ಗಟ್ಟಿತನ ನನಗೆ ಬಹಳ ಇಷ್ಟವಾಯಿತು. ಮಾರುತಿ ಗುಡಿಯವರೆಗೆ ಹೋಗಿ ಬರುವುದೇ ಮೊದಮೊದಲು ಕಷ್ಟವಾಗುತ್ತಿತ್ತು. ಮಾತಾಡುತ್ತ ನಡೆಯಬೇಕು, ಮಾತು ಹೊರಡದಷ್ಟು ಏದುಸಿರು ಬಂದರೆ ನಿಧಾನ ಮಾಡಬೇಕು ಎಂದು ಯೋಗಿತಾ ಹೇಳಿಕೊಟ್ಟಿದ್ದಳು. ಮೊಣಕಾಲಿನ ಬಲಕ್ಕೆ ಕುರ್ಚಿಯ ಮೇಲೆ ಕುಳಿತು ಮೆಲ್ಲಗೆ ಏಳುವುದನ್ನೂ ಕಲಿಸಿದ್ದಳು.

ಒಂದು ತಿಂಗಳಾದ ಮೇಲೆ ಮತ್ತೆ ಕಾಟಾ ಹತ್ತಿದಳು. ಮುಳ್ಳು ಇಳಿದೂ ಇಳಿಯದ ಹಾಗಿತ್ತು. ಕಣ್ಣಲ್ಲಿ ನೀರು ತಂದುಕೊಂಡು ಉಪಕೇಂದ್ರಕ್ಕೆ ಹೋದಳು. “ಪತಾಕಿ ಹೋಯ್ತು, ಯೋಗಿತಾ. ನನ್ನ ಕೈಲಿ ಆಗೂದಿಲ್ಲ.”

“ಕಾಟಾ ಬಿಡ್ರಿ ಕಾಕು. ನೆಲದ ಮ್ಯಾಲಿಂದ ಏಳುವಾಗ ಈಗ ಗ್ವಾಡಿ ಹಿಡೀತೀರೇನು?”

ಪ್ರಯಾಗಬಾಯಿ ಯೋಚಿಸಿದಳು. ಅಲ್ಲೇ ನೆಲಕ್ಕೆ ಕುಳಿತಳು, ಎದ್ದಳು. ಗೋಡೆ ಹಿಡಿಯಲಿಲ್ಲ. ಮತ್ತೊಮ್ಮೆ ಕುಳಿತು ಎದ್ದಳು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಆಮೇಲೆ ಆಕೆ ಹಿಂದೆ ನೋಡಲಿಲ್ಲ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ, ಮಳೆಯಲ್ಲಿ ಶಾಲೆಯ ಪಡಸಾಲೆಯಲ್ಲಿ ನಡೆದಳು. ನಾನು ಸೇರಿದೆ, ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದ ಶಿವಕಾಂತಮ್ಮ ಸೇರಿದಳು. ಕಟ್ಟೆಯವರು ನಗುವುದನ್ನು ಬಿಟ್ಟು ದಾರಿ ಬಿಡತೊಡಗಿದರು. ತೂಕ ಮೆಲ್ಲಗೆ ಇಳಿಯಿತು, ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿಯಿತು. ಮನೆಯಲ್ಲಿ ಖಿಚಡಿ ಹಬ್ಬಕ್ಕೊಮ್ಮೆ ಆಯಿತು. ಕಲ್ಯಾಣಮ್ಮ ಮಾತ್ರ ಸ್ವಲ್ಪ ಗೊಣಗಿದರು.

ಕಾರ್ತಿಕ ಬಂತು. ಕಾಶೆಪ್ಪ ಪತಾಕೆಯನ್ನು ಆಕೆಯ ಕೈಗೆ ಕೊಟ್ಟರು. ಮೊದಲ ದಿನ ನಡೆದಳು, ಎರಡನೇ ದಿನವೂ ನಡೆದಳು. ಮೊಣಕಾಲು ಬಾತುಕೊಳ್ಳಲಿಲ್ಲ. ಅದರ ಮರುದಿನ ರೇವಣಪ್ಪ ಮೋಟಾರ್ ಸೈಕಲ್ ಮೇಲೆ ಬಂದು ಪಕ್ಕದಲ್ಲಿ ನಿಲ್ಲಿಸಿದ.

“ಸಾಕಾಯ್ತು, ಹಿಂದ ಕೂಡು. ಹಟಾ ಮಾಡಬ್ಯಾಡ.”

“ನಾ ಕೂಡಂಗಿಲ್ಲ. ನೀವೇ ಇಳೀರಿ.”

ಇಡೀ ದಿಂಡಿ ನೋಡುತ್ತಿತ್ತು. ಗಾಡಿಯನ್ನು ಚಹಾದ ಅಂಗಡಿಯ ಮುಂದೆ ನಿಲ್ಲಿಸಿ ರೇವಣಪ್ಪ ಹೆಂಡತಿಯ ಜೊತೆ ಹೆಜ್ಜೆ ಹಾಕಿದ. ಮುಂದಿನ ತಿರುವು ಬರುವುದರೊಳಗೆ ಅಂಗಿ ಒದ್ದೆ, ಹೊಟ್ಟೆಯ ಮೇಲೆ ಕೈ, ಬಾಯಲ್ಲಿ ಮಾತಿಲ್ಲ.

“ಮಾತಾಡಕೋತ ನಡೀರಿ,” ಎಂದಳು ಪ್ರಯಾಗಬಾಯಿ.

ಆತನಿಗೆ ಮಾತು ಹೊರಡಲಿಲ್ಲ. ಆಕೆ ಗಂಡನ ಮುಖ ನೋಡಿ ಹೆಜ್ಜೆ ನಿಧಾನ ಮಾಡಿದಳು. ಪತಾಕೆ ನಿಧಾನವಾದರೆ ದಿಂಡಿಯೂ ನಿಧಾನವಾಗಲೇಬೇಕು. ತಾಳ, ಮೃದಂಗ, ಹಿಂದಿನ ನೂರಾರು ಜನ, ಎಲ್ಲರೂ ರೇವಣಪ್ಪನ ಉಸಿರಿಗೆ ಕಾದು ನಡೆದರು.

ಪ್ರಯಾಗಬಾಯಿ ಕಪಿಲಧಾರಾವನ್ನು ತನ್ನ ಕಾಲ ಮೇಲೆಯೇ ಮುಟ್ಟಿದಳು. ಈಗ ಮುಂಜಾನೆ ಆ ಮನೆಯಿಂದ ಇಬ್ಬರು ಹೊರಡುತ್ತಾರೆ, ಹಿಂದೆ ಬೀಳುವವನು ರೇವಣಪ್ಪ.

ಅಕ್ಕಂದಿರೇ, ಅಣ್ಣಂದಿರೇ, ಭಕ್ತಿಯಿಂದ ಉಪವಾಸ ಮಾಡಿ, ತೂಕ ಇಳಿಸಲೆಂದು ಮಾಡಬೇಡಿ. ಸಕ್ಕರೆ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳದೆ ಮಾಡಲೇಬೇಡಿ. ರೊಟ್ಟಿ, ಬೇಳೆ, ಸೊಪ್ಪು ನಮ್ಮ ಮನೆಯ ಊಟ, ಅದನ್ನೇ ಹಿತವಾಗಿ ಉಣ್ಣಿ. ನಾಳೆ ಬೆಳಿಗ್ಗೆ ಅಗಸಿಯವರೆಗಾದರೂ ನಡೆಯಿರಿ. ಮನೆಯವರು ನಕ್ಕರೆ ನಗಲಿ, ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬನ್ನಿ ಎಂದು ಅವರನ್ನೂ ಕರೆಯಿರಿ.