ಕೆಂಪು ಬಳಿದ ತಾಲ್ಲೂಕು

ತೊಲೊಗೊನ್ ಸತ್ತಾಗ ಅವನಿಗೆ ನಲವತ್ತೇಳು. ಬೆಳಿಗ್ಗೆ ಕುದುರೆಗೆ ಜೀನು ಬಿಗಿಯುತ್ತಿದ್ದವನು ಅಲ್ಲೇ ಕುಸಿದು, ಮಧ್ಯಾಹ್ನದೊಳಗೆ ತೀರಿಕೊಂಡ. ಮರಣ ಪ್ರಮಾಣಪತ್ರ ಬರೆಯಬೇಕಾದವಳು ಬುರುಲ್ಸುನ್. ಡಾಕ್ಟರಿಲ್ಲದ ಆ ಕಿರ್ಗಿಜ್ ಬೆಟ್ಟದೂರಿಗೆ ಹದಿನೆಂಟು ವರ್ಷದಿಂದ ಅವಳೇ ಆರೋಗ್ಯ ಸಹಾಯಕಿ.

"ಏನಂತ ಬರೀತೀಯ?" ಎಂದು ಕೇಳಿದಳು ಸತ್ತವನ ತಾಯಿ, ಸಾಲ್ಕಿನ್ ಅಜ್ಜಿ.

"ರಕ್ತದೊತ್ತಡ ಅಂತ, ಅಜ್ಜಿ. ಮೆದುಳಲ್ಲಿ ನರ ಒಡೆದಿದೆ."

"ಆಯಸ್ಸು ಮುಗೀತು ಅಂತ ಬರಿ ತಾಯಿ. ಕೇಳೋರಿಗೂ ಸಮಾಧಾನ."

ಬುರುಲ್ಸುನ್ ರಕ್ತದೊತ್ತಡ ಎಂದೇ ಬರೆದಳು. ಹೋದ ವರ್ಷದ ಮಾರ್ಚ್‌ನಲ್ಲೇ ಅವನ ಒತ್ತಡ ನೂರ ತೊಂಬತ್ತು ದಾಟಿದ್ದನ್ನು ಕಂಡು ಅವಳು ಮಾತ್ರೆ ಕೊಟ್ಟಿದ್ದಳು. ಒಂದು ತಿಂಗಳು ನುಂಗಿ, ತಲೆನೋವು ಹೋಯಿತೆಂದು ಅವನು ಬಿಟ್ಟುಬಿಟ್ಟ. ಆಮೇಲೊಂದು ಮದುವೆಯಲ್ಲಿ ಅವಳ ಎದುರಿಗೇ ಕುರಿಬಾಲದ ಕೊಬ್ಬಿಗೆ ಉಪ್ಪು ಸವರಿಕೊಂಡು ತಿನ್ನುತ್ತಿದ್ದ. ಮಾತ್ರೆ ಯಾಕೆ ಬಿಟ್ಟೆ ಎಂದು ಕೇಳಬೇಕೆಂದುಕೊಂಡಳು, ಸುತ್ತಲಿನ ಗಂಡಸರು ಅವನನ್ನು ಆಡಿಕೊಂಡಾರೆಂದು ಸುಮ್ಮನಾದಳು. ಸುಮ್ಮನಾದದ್ದು ಈಗ ಅವಳ ಎದೆಯನ್ನು ಕೊರೆಯುತ್ತಿತ್ತು.

ಮೂರು ವಾರದ ಮೇಲೆ ಜಿಲ್ಲಾ ಕೇಂದ್ರದಿಂದ ಕರೆ ಬಂತು. ಸಭೆಯ ಗೋಡೆಗೆ ಒಂದು ನಕ್ಷೆ ತೂಗುಹಾಕಿದ್ದರು. ತಡೆಯಬಹುದಾದ, ವಾಸಿಮಾಡಬಹುದಾದ ಕಾಯಿಲೆಗಳಿಂದ ವಯಸ್ಸಿಗೆ ಮುಂಚೆ ಸಾಯುವವರು ಬೇರೆಲ್ಲ ತಾಲ್ಲೂಕುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದರು. ಅವಳ ತಾಲ್ಲೂಕಿನಲ್ಲಿ ಮಾತ್ರ ಆ ಸಂಖ್ಯೆ ಏರುತ್ತ ಹೋಗಿತ್ತು. ಅದಕ್ಕೆ ಕೆಂಪು ಬಳಿದಿದ್ದರು.

"ನಿಮ್ಮ ಒಂದೇ ಊರಲ್ಲಿ ಒಂದು ವರ್ಷದಲ್ಲಿ ಏಳು ಗಂಡಸರು ಸತ್ತಿದ್ದಾರೆ," ಎಂದ ಮುಖ್ಯಾಧಿಕಾರಿ. "ಅರವತ್ತು ತುಂಬದೋರು."

"ಅಲ್ಲಿ ಗಾಳೀಲೂ ವೋಡ್ಕಾ ಇದೆ ಬಿಡಿ," ಎಂದನೊಬ್ಬ. ಎಲ್ಲರೂ ನಕ್ಕರು.

"ಏಳರಲ್ಲಿ ಇಬ್ಬರು ಕುಡೀತಿದ್ರು ಸಾರ್," ಎಂದಳು ಬುರುಲ್ಸುನ್. "ಮಾತ್ರೆ ಮಾರ್ಚ್‌ನಲ್ಲಿ ಬರತ್ತೆ, ಮೇನಲ್ಲಿ ಮುಗಿಯತ್ತೆ. ಅಷ್ಟೊತ್ತಿಗೆ ನಮ್ಮೋರು ಕುರಿ ಹೊಡಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿರ್ತಾರೆ. ಇಳಿಯೋದು ಸೆಪ್ಟೆಂಬರಿಗೆ."

ಸಭೆ ಮುಗಿದ ಮೇಲೆ ಅಧಿಕಾರಿ ಅವಳನ್ನು ಪಕ್ಕಕ್ಕೆ ಕರೆದ. "ನೋಡಮ್ಮ, ಮೂರು ನಾಲ್ಕು ಪ್ರಮಾಣಪತ್ರದಲ್ಲಿ 'ಕಾರಣ ತಿಳಿಯದು' ಅಂತ ಮಾಡಿಬಿಡು. ನಕ್ಷೆ ಬಣ್ಣ ಬದಲಾಗತ್ತೆ."

"ಕಾರಣ ತಿಳಿದಿದೆಯಲ್ಲ ಸಾರ್."

"ಹಟ ಮಾಡಬೇಡ."

"ಹಟ ಅಲ್ಲ. ಅವರ ಕೈಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದೋಳು ನಾನೇ."

ಹೊರಗೆ ಬಂದವಳೇ ಔಷಧಿ ಉಗ್ರಾಣದವನನ್ನು ಕಾಡಿಬೇಡಿ ಉಳಿದಿದ್ದ ಒಂದೇ ಡಬ್ಬಿ ಮಾತ್ರೆ ಇಸಿದುಕೊಂಡಳು. ಮರುದಿನ ಗಂಡನ ಕುದುರೆ ಹತ್ತಿ ಹುಲ್ಲುಗಾವಲಿಗೆ ಹೊರಟಳು.

ಅಲ್ಲಿ ಕಂಬಳಿ ಗುಡಾರದ ಮುಂದೆ ತೊಲೊಗೊನ್‌ನ ಅಣ್ಣ ಜುಮಾದಿಲ್ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಅವನೊಂದಿಗೆ ನೆರೆಯ ಗುಡಾರಗಳ ಗಂಡಸರೂ ಇದ್ದರು.

"ಬಂದೆಯಾ? ಕುಮಿಸ್ ಕುಡಿ, ಕುದುರೆ ಹಾಲು ಚೆನ್ನಾಗಿ ಹುಳಿ ಬಂದಿದೆ. ಆ ಒತ್ತಡ ನೋಡೋ ಪೆಟ್ಟಿಗೆ ಮಾತ್ರ ತೆಗೀಬೇಡ," ಎಂದ. "ಕುದುರೆ ಥರ ಇದ್ದೀನಿ ನಾನು."

"ನಿನ್ನ ತಮ್ಮನೂ ಹೀಗೇ ಅಂದಿದ್ದ ಅಣ್ಣ."

ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ಭಯವಾಯಿತು. ಕತ್ತರಿಗಳೆಲ್ಲ ನಿಂತವು. ಗುಡಾರದೊಳಗಿಂದ ಸಾಲ್ಕಿನ್ ಅಜ್ಜಿ ಬಂದು ಗಂಡಸರ ನಡುವೆಯೇ ಕೂತು ಕೈ ಚಾಚಿದಳು.

"ಮೊದಲು ನನಗೆ ಕಟ್ಟು. ಇವರಿಗೆ ಹೆದರಿಕೆ ಇರಬೇಕು."

ಅಜ್ಜಿಯ ಒತ್ತಡ ಸರಿಯಾಗಿತ್ತು. ಜುಮಾದಿಲ್ ಗೊಣಗುತ್ತ ಬಂದು ಕೂತ. ಇನ್ನೂರ ನಾಲ್ಕು. ಬುರುಲ್ಸುನ್ ಇನ್ನೊಂದು ಕೈಗೂ ಕಟ್ಟಿ ನೋಡಿದಳು. ಹೆಚ್ಚು ಕಡಿಮೆ ಅಷ್ಟೇ.

"ತಲೆನೋವು ಹೋದ್ರೂ ಬಿಡೋ ಹಾಗಿಲ್ಲ," ಎಂದಳು. "ನಿನ್ನ ತಮ್ಮ ಮಾತ್ರೆ ಬಿಟ್ಟಿದ್ದು ನನಗೆ ಗೊತ್ತಿತ್ತು ಅಣ್ಣ. ಕೇಳಲಿಲ್ಲ. ಆ ತಪ್ಪು ನಂದು."

ಜುಮಾದಿಲ್ ಏರಿಸಿದ್ದ ಅಂಗಿಯ ತೋಳನ್ನು ಇಳಿಸಿಕೊಂಡ. "ನಮ್ಮಮ್ಮನ ಎದುರಿಗೆ ಇನ್ನೊಂದು ಸಲ ಇದನ್ನ ಹೇಳಬೇಡ," ಎಂದ, ತಾಯಿ ಅಲ್ಲೇ ಇದ್ದರೂ. ಆಮೇಲೆ ಮಾತ್ರೆಗೆ ಕೈ ಒಡ್ಡಿದ.

ಆ ದಿನ ಒಂಬತ್ತು ಜನರಿಗೆ ಮಾತ್ರೆ ಬೇಕಾಯಿತು. ಡಬ್ಬಿಯಲ್ಲಿದ್ದದ್ದನ್ನು ಹಂಚಿದರೆ ತಲಾ ಹನ್ನೊಂದು ದಿನಕ್ಕೆ ಬಂತು.

ಹತ್ತನೆಯ ದಿನ ಅವಳು ಮತ್ತೆ ಹತ್ತಿ ಹೋದಳು, ಪೇಟೆಯ ಅಂಗಡಿಯಲ್ಲಿ ಸ್ವಂತ ಹಣದಿಂದ ಕೊಂಡ ಮಾತ್ರೆಯೊಂದಿಗೆ. ಆಮೇಲೆ ಜುಮಾದಿಲ್ ಒಂದು ಕುರಿ ಮಾರಿ ಎಲ್ಲರಿಗೂ ತರಿಸಿದ. ಸರ್ಕಾರದ ಮಾತ್ರೆ ಬಂದದ್ದು ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಕಣಿವೆಯಾಚೆಯ ಹುಲ್ಲುಗಾವಲಿನಲ್ಲಿ, ಅವಳ ಕುದುರೆ ಇನ್ನೂ ತಲುಪದ ಕಡೆ, ಐವತ್ತೊಂದರ ಒಬ್ಬ ಕುರುಬ ನೀರು ಕುಡಿಯಲು ಬಗ್ಗಿದವನು ಏಳಲಿಲ್ಲ. ಮಣ್ಣು ಮಾಡಿ ಬಂದ ಜುಮಾದಿಲ್ ನೇರ ಅವಳ ಮನೆಗೆ ಬಂದ.

"ಅವನ ಇಬ್ಬರು ತಮ್ಮಂದಿರು ಅಲ್ಲೇ ಇದ್ದಾರೆ," ಎಂದ. "ಪರೀಕ್ಷೆಗೆ ಬರಲ್ಲ ಅಂತಾರೆ. ನಾಳೆ ನೀನು ಬಾ, ನಾನು ಜೊತೆಗೆ ಬರ್ತೀನಿ."

ಬುರುಲ್ಸುನ್ ಮರಣ ಪ್ರಮಾಣಪತ್ರದ ಕಾರಣದ ಸಾಲಿನಲ್ಲಿ 'ರಕ್ತದೊತ್ತಡ' ಎಂದೇ ತುಂಬಿ, ಶಾಯಿ ಒಣಗಿದ ಮೇಲೆ ಪೆಟ್ಟಿಗೆಯನ್ನು ಜೀನಿನ ಚೀಲಕ್ಕೆ ಹಾಕಿದಳು.