ಬಣ್ಣದಡಿಯ ಸ್ಕ್ರೂ

ಟೈಲರಕ್ಕನ ಹೊಲಿಗೆ ಕೋಣೆ ಸೋರತೊಡಗಿ ಬಹಳ ಕಾಲವಾಗಿತ್ತು. ಹನಿ ನೇರ ಮಷೀನಿನ ಮೇಲೇ ಬೀಳುತ್ತಿತ್ತು. ಆಕೆ ಮಷೀನನ್ನು ಮೂಲೆಯಿಂದ ಮೂಲೆಗೆ ಎಳೆದಳೇ ಹೊರತು ಮಾಡಿನ ತಗಡು ಬದಲಿಸುವ ಮಾತೆತ್ತಲಿಲ್ಲ. ಅದನ್ನು ಹೊದಿಸಿದ್ದು ತೀರಿಹೋದ ಗಂಡ. ಪೇಂಟರ್ ಆಗಿದ್ದವನು, ಪ್ರತಿ ಬೇಸಿಗೆಯಲ್ಲೂ ಕೆಲಸದಲ್ಲಿ ಉಳಿದ ಬಣ್ಣ ತಂದು ಮಾಡಿಗೆ ಬಳಿಯುತ್ತಿದ್ದ, ಸ್ಕ್ರೂಗಳ ತಲೆಯನ್ನೂ ಬಿಡದೆ.

ಎಳೆಯಲು ಒಣ ಮೂಲೆಯೇ ಉಳಿಯದಾದಾಗ ಕೊನೆಗೂ ಹೊಸ ತಗಡು ಬಂತು. ಮೈದುನ ಏಣಿ ಹತ್ತಿದ. ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಅತ್ತಿಗೆ, ಅಣ್ಣ ಇವಕ್ಕೆ ಬಣ್ಣ ಬಳಿದಿದ್ದಾನೋ, ಸಮಾಧಿ ಕಟ್ಟಿದ್ದಾನೋ? ತಗಡಿನ ಮೇಲೆ ಹತ್ತಿ ಮೀಟಿ ಕಿತ್ತುಬಿಡ್ತೀನಿ."

"ಕಾಲಿಟ್ಟರೆ ಮಷೀನಿನ ಮೇಲೆ ನೀನೇ ಬೀಳ್ತೀಯ ಪೈಲ್ವಾನ," ಬೀದಿಯಿಂದ ಕೂಗಿದಳು ಎದುರುಮನೆಯ ಫಿಟ್ಟರಮ್ಮ. ಶೆಡ್ಡುಗಳಿಗೆ ತಗಡು ಹೊದಿಸುವುದೇ ಆಕೆಯ ಕಸುಬು. "ತುಕ್ಕು ತಿಂದ ತಗಡು ಒಣಗಿದ ಎಲೆ ಇದ್ದಹಾಗೆ. ಇಳಿಯಪ್ಪ."

"ನಿಮ್ಮ ಹಾಗೆ ಸವರ್ಕೊಂಡು ಕೂತ್ರೆ ಕೆಲಸ ನಾಳೆಗೆ ಹೋಗುತ್ತೆ."

"ಹೋಗ್ಲಿ. ಬಿದ್ದರೆ ಹಾಸಿಗೆ ಹಿಡೀತೀಯ. ಆಗ ಯಾವತ್ತಿಗೆ ಹೋಗುತ್ತೆ?"

ಮೈದುನ ಅತ್ತಿಗೆಯ ಕಡೆ ನೋಡಿದ.

"ಇಳಿಯೋ," ಎಂದಳು ಟೈಲರಕ್ಕ. "ಇನ್ನೊಬ್ಬರನ್ನ ನೆನೆಸಿಕೊಂಡು ಕೂರೋ ಶಕ್ತಿ ನನಗಿಲ್ಲ."

ಅವನು ಇಳಿದ.

ಫಿಟ್ಟರಮ್ಮ ಹಲಗೆ, ಹಗ್ಗ ತಂದಳು. ತಗಡಿನ ಕೆಳಗೆ ಮರದ ಪಟ್ಟಿ ಇರುವ ಜಾಗ ನೋಡಿ ಹಲಗೆ ಹಾಸಿದಳು. ಹಗ್ಗವನ್ನು ಮೈದುನನ ಸೊಂಟಕ್ಕೂ ಗಟ್ಟಿ ತೊಲೆಗೂ ಬಿಗಿದಳು. "ಕನ್ನಡಕ ಹಾಕ್ಕೋ, ತುಕ್ಕು ಕಣ್ಣಿಗೆ ಹಾರುತ್ತೆ. ಮೊದಲು ಸ್ಕ್ರೂ ತಲೆಯ ಗೀರಿನಲ್ಲಿರೋ ಬಣ್ಣ ಕೆರಿ. ತುಕ್ಕು ಬಿಡಿಸೋ ಎಣ್ಣೆ ಬಿಡು. ಸುತ್ತಿಗೆಯಿಂದ ಮೆಲ್ಲಗೆ ತಟ್ಟು. ಆಮೇಲೆ ಇಳಿದು ಬಾ, ಬೆಳಿಗ್ಗೆವರೆಗೆ ನೆನೀಲಿ."

ಏಣಿಯ ಬುಡ ಹಿಡಿದು ನಿಂತ ಟೈಲರಕ್ಕನ ಸೆರಗಿನ ಮೇಲೆ ಬಣ್ಣದ ಚಕ್ಕೆ ಉದುರಿತು. ನೀಲಿ, ಅದರಡಿ ಹಸಿರು, ಎಲ್ಲಕ್ಕಿಂತ ಕೆಳಗೆ ಕೆಂಪು. ಕೆಂಪು ಮದುವೆಯಾದ ವರ್ಷದ್ದು. ಅಂದು ಗಂಡನ ಕೂದಲಿಗೂ ಮೆತ್ತಿತ್ತು. ಒರೆಸುತ್ತ ಬಾಯ್ತುಂಬ ಬೈದಿದ್ದಳು. ಇನ್ನೊಂದು ಸಲ ಹಾಗೆ ಬೈಯುವಂತಿದ್ದರೆ ಎನಿಸಿತು.

ಬೆಳಿಗ್ಗೆ ಮತ್ತೆ ಹಗ್ಗ ಕಟ್ಟಿಕೊಂಡು ಹತ್ತಿದವನಿಗೆ ಫಿಟ್ಟರಮ್ಮ ಹೇಳಿದಳು: "ಮೊದಲು ಚೂರು ಬಿಗಿ ಮಾಡು. ಆಮೇಲೆ ಸಡಿಲಿಸು."

ಸ್ಕ್ರೂ ಕಿರ್ರೆಂದು ತಿರುಗಿ ಕಳಚಿ ಬಂತು. ಟೈಲರಕ್ಕ ಅದನ್ನು ಅಂಗೈಯಲ್ಲಿ ಹಿಡಿದಳು.

"ಹೊಸ ತಗಡಿಗೂ ಇವನ್ನೇ ಹಾಕಿದ್ರೆ?"

"ಬೇಡ ಅಕ್ಕ. ಇವುಗಳ ತುಕ್ಕು ಹೊಸದನ್ನೂ ತಿನ್ನುತ್ತೆ," ಎಂದ ಫಿಟ್ಟರಮ್ಮ ಅವಳ ಅಂಗೈಯತ್ತ ನೋಡಿದಳು. "ಒಂದನ್ನ ಒಳಗೆ ಗೋಡೆಗೆ ಹಾಕಿಕೊಡ್ತೀನಿ."

ಈಗ ಆ ಸ್ಕ್ರೂಗೆ ಅಳತೆಯ ಟೇಪು ನೇತಾಡುತ್ತಿದೆ. ಮಷೀನು ಕಿಟಕಿಯ ಬಳಿ ತನ್ನ ಜಾಗಕ್ಕೆ ಮರಳಿದೆ.

"ಬೇಸಿಗೆಗೆ ಹೊಸ ಮಾಡಿಗೂ ಬಣ್ಣ ಬಳೀಲಾ ಅತ್ತಿಗೆ?"

"ಬಳಿ. ಕೆಂಪು ತಾ. ಸ್ಕ್ರೂ ತಲೆಗೆ ಮಾತ್ರ ತಾಗಿಸ್ಬೇಡ."

ನಿಮ್ಮ ಮಾಡಿನಲ್ಲೂ ಹಟ ಹಿಡಿದ ಸ್ಕ್ರೂ ಇರಬಹುದು. ಅದರ ಜೊತೆ ಗುದ್ದಾಡಬೇಡಿ. ಎಣ್ಣೆ ಬಿಡಿ, ಕಾಯಿರಿ. ಹಲಗೆ, ಹಗ್ಗ, ಏಣಿ ಹಿಡಿಯಲು ಒಬ್ಬರು, ಇವಿಲ್ಲದೆ ಹತ್ತಲೇಬೇಡಿ. ಸ್ಕ್ರೂ ಇವತ್ತಲ್ಲ ನಾಳೆ ಬರುತ್ತದೆ. ಕೆಳಗೆ ನಿಂತವರಿಗೆ ಬೇಕಾಗಿರುವುದು ನೀವು.